ಮಗುವಿಗೆ ಮೈನಸ್ ಪವರ್ ಬಂದಿದ್ದು ಅಪ್ಪ-ಅಮ್ಮನಿಂದಲೋ, ಪುಸ್ತಕ-ಮೊಬೈಲಿನಿಂದಲೋ?

ಬೋರ್ಡಿನ ಮೇಲೆ ಬರೆದದ್ದು ಕಾಣಿಸುತ್ತಿಲ್ಲ ಎಂದು ಮಗು ಹೇಳುತ್ತದೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಚೀಟಿಯಲ್ಲಿ ಮೈನಸ್ 1.25 ಎಂದು ಬರೆದುಕೊಡುತ್ತಾರೆ. ಮನೆಗೆ ಬಂದ ಮೇಲೆ ವಿಚಾರಣೆ ಶುರು. ‘ನಿಮ್ಮ ಕಡೆಯವರಿಗೆಲ್ಲ ಸೋಡಾಬುಡ್ಡಿ ಕನ್ನಡಕ, ಅದಕ್ಕೇ ಇವಳಿಗೂ ಬಂತು’ ಎನ್ನುತ್ತಾರೆ ಒಬ್ಬರು. ‘ಊಟ ಮಾಡಿಸೋಕೂ ಮೊಬೈಲು, ಮಲಗಿಸೋಕೂ ಮೊಬೈಲು, ಇನ್ನೇನಾಗುತ್ತೆ’ ಎನ್ನುತ್ತಾರೆ ಇನ್ನೊಬ್ಬರು.

ಇಬ್ಬರ ಮಾತಿಗೂ ಒಂದಿಷ್ಟು ಆಧಾರ ಇದೆ. ವಿಜ್ಞಾನಿಗಳ ನಡುವೆಯೂ ಇದೇ ಜಗಳ ನೂರೈವತ್ತು ವರ್ಷಗಳಿಂದ ನಡೆದುಬಂದಿದೆ. ಈಗ ಇದರ ಮಾತು ಜಾಸ್ತಿ ಕೇಳಿಬರಲು ಕಾರಣ, ಕನ್ನಡಕ ಬೇಕಾದ ಮಕ್ಕಳ ಸಂಖ್ಯೆ ಏರುತ್ತಿರುವ ವೇಗ. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, 2000ದಲ್ಲಿ ಜಗತ್ತಿನ ಸುಮಾರು 140 ಕೋಟಿ ಜನರಿಗೆ ಸಮೀಪದೃಷ್ಟಿ, ಅಂದರೆ ಹತ್ತಿರದ್ದು ಕಂಡು ದೂರದ್ದು ಮಸುಕಾಗುವ ಈ ಮೈನಸ್ ಪವರ್, ಇತ್ತು. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಕಡಿಮೆ. ಇದೇ ರೀತಿ ಮುಂದುವರಿದರೆ 2050ರ ಹೊತ್ತಿಗೆ ಜಗತ್ತಿನ ಅರ್ಧದಷ್ಟು ಜನರಿಗೆ ಅದು ಇರಬಹುದು.

ಹಾಗಾದರೆ ತಪ್ಪು ಯಾರದು? ‘ಅರ್ಧ ಜೀನು, ಅರ್ಧ ಅಭ್ಯಾಸ’ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಆ ಉತ್ತರ ಸರಿಯಲ್ಲ. ಏಕೆ ಎಂದು ತಿಳಿಯಲು ಮೊದಲು ಕಣ್ಣಿನೊಳಗೆ ಏನಾಗುತ್ತದೆ ಎಂದು ನೋಡಬೇಕು.

ಒಂದು ಮಿಲಿಮೀಟರ್ ಉದ್ದದ ತೊಂದರೆ

ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಡುವ ಆಟ ಗೊತ್ತಲ್ವಾ? ಗಾಜಿನಿಂದ ಸರಿಯಾದ ದೂರದಲ್ಲಿ ಕಾಗದ ಇದ್ದರೆ ಬೆಳಕು ಒಂದು ಚುಕ್ಕಿಯಾಗಿ ಕೂಡುತ್ತದೆ. ಕಾಗದವನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಆ ಚುಕ್ಕಿ ಹರಡಿ ಮಸುಕಾಗುತ್ತದೆ. ಗಾಜು ಹಾಳಾಗಿಲ್ಲ, ಕಾಗದವೂ ಹಾಳಾಗಿಲ್ಲ. ನಡುವಿನ ದೂರ ಹೆಚ್ಚಾಗಿದೆ, ಅಷ್ಟೇ.

ಕಣ್ಣಿನಲ್ಲಿ ಭೂತಗನ್ನಡಿಯ ಕೆಲಸ ಮಾಡುವುದು ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಮತ್ತು ಅದರ ಹಿಂದಿನ ಮಸೂರ. ಕಾಗದದ ಜಾಗದಲ್ಲಿರುವುದು ಹಿಂದಿನ ಗೋಡೆಗೆ ಅಂಟಿರುವ ರೆಟಿನಾ, ಅಂದರೆ ಅಕ್ಷಿಪಟ. ಸಮೀಪದೃಷ್ಟಿ ಇರುವ ಹೆಚ್ಚಿನ ಮಕ್ಕಳಲ್ಲಿ ಆಗಿರುವುದು ಇಷ್ಟು: ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಇರಬೇಕಾದ್ದಕ್ಕಿಂತ ಉದ್ದ ಬೆಳೆದಿದೆ. ದೂರದ ವಸ್ತುವಿನ ಬೆಳಕು ರೆಟಿನಾವನ್ನು ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ರೆಟಿನಾದ ಮೇಲೆ ಬೀಳುವುದು ಮಸುಕು ಚಿತ್ರ. ಹತ್ತಿರದ ವಸ್ತುವಿನ ಬೆಳಕು ಇನ್ನೂ ಹಿಂದೆ ಕೂಡುವುದರಿಂದ ಅದು ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿಯೇ ಪುಸ್ತಕ ಸಲೀಸಾಗಿ ಓದುವ ಮಗುವಿಗೆ ತೊಂದರೆ ಇದೆ ಎಂದು ಮನೆಯವರಿಗೆ ಎಷ್ಟೋ ದಿನ ಗೊತ್ತೇ ಆಗುವುದಿಲ್ಲ.

ಹುಟ್ಟಿದ ಮಗುವಿನ ಕಣ್ಣು ಸುಮಾರು 17 ಮಿಲಿಮೀಟರ್ ಉದ್ದ ಇರುತ್ತದೆ. ದೊಡ್ಡವರದು 23ರಿಂದ 24. ಇಲ್ಲಿ ಒಂದೇ ಒಂದು ಮಿಲಿಮೀಟರ್ ಜಾಸ್ತಿಯಾದರೂ ಪವರ್ ಎರಡೂವರೆಯಿಂದ ಮೂರರಷ್ಟು ಮೈನಸ್ ಕಡೆಗೆ ಹೋಗುತ್ತದೆ.

ಪವರ್ ಎಂದು ನಾವು ಹೇಳುವುದರ ಅಳತೆಯ ಹೆಸರು ಡಯಾಪ್ಟರ್. ಲೆಕ್ಕ ಸುಲಭ. ಮೈನಸ್ 1 ಇದ್ದರೆ ಕನ್ನಡಕ ಇಲ್ಲದೆ ಸ್ಪಷ್ಟವಾಗಿ ಕಾಣುವುದು 1 ಮೀಟರ್ ದೂರದ ತನಕ. ಮೈನಸ್ 2 ಆದರೆ ಅರ್ಧ ಮೀಟರ್. ಮೈನಸ್ 4 ಆದರೆ 25 ಸೆಂಟಿಮೀಟರ್. ಅದರಾಚೆಗೆ ಎಲ್ಲವೂ ಮಸುಕು. ಮೈನಸ್ 6 ದಾಟಿದರೆ ಸಾಮಾನ್ಯವಾಗಿ ಅದನ್ನು ತೀವ್ರ ಸಮೀಪದೃಷ್ಟಿ ಎನ್ನುತ್ತಾರೆ.

ಎಷ್ಟು ಬೆಳೆಯಬೇಕು ಎಂದು ಕಣ್ಣಿಗೆ ಹೇಗೆ ಗೊತ್ತಾಗುತ್ತದೆ?

ನನಗೆ ಈ ಇಡೀ ವಿಷಯದಲ್ಲಿ ಅತಿ ಸೋಜಿಗ ಅನ್ನಿಸುವುದು ಈ ಭಾಗ. ಒಂದು ಮಿಲಿಮೀಟರ್ ತಪ್ಪಿದರೂ ಕೆಡುವ ಅಂಗ ಅಷ್ಟೊಂದು ಮಕ್ಕಳಲ್ಲಿ ಸರಿಯಾಗಿ ಬೆಳೆಯುವುದಾದರೂ ಹೇಗೆ?

ಹುಟ್ಟಿದಾಗ ಹೆಚ್ಚಿನ ಮಕ್ಕಳ ಕಣ್ಣು ಸ್ವಲ್ಪ ಗಿಡ್ಡವಾಗಿಯೇ ಇರುತ್ತದೆ, ಪವರ್ ಪ್ಲಸ್ ಕಡೆಗೆ ಇರುತ್ತದೆ. ಬೆಳೆಯುತ್ತಾ ಬೆಳೆಯುತ್ತಾ ಆ ಪ್ಲಸ್ ಕರಗಿ ಸೊನ್ನೆಯ ಹತ್ತಿರ ಬರುತ್ತದೆ. ಇದು ಕುರುಡು ಬೆಳವಣಿಗೆಯಲ್ಲ. ಕಣ್ಣು ತಾನು ಕಾಣುವ ಚಿತ್ರವನ್ನೇ ನೋಡಿಕೊಂಡು ಬೆಳವಣಿಗೆಯನ್ನು ಹೊಂದಿಸಿಕೊಳ್ಳುತ್ತದೆ.

ಇದರ ಸುಳಿವು ಸಿಕ್ಕಿದ್ದು 1977ರಲ್ಲಿ. ಟಾರ್ಸ್ಟನ್ ವೀಸಲ್ ಮತ್ತು ಎಲಿಯೋ ರವಿಯೋಲ ಎಂಬ ವಿಜ್ಞಾನಿಗಳು ಮಂಗದ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಮುಚ್ಚಿ ಹೊಲಿದಾಗ, ಆ ಕಣ್ಣು ಅತಿಯಾಗಿ ಉದ್ದ ಬೆಳೆದು ಸಮೀಪದೃಷ್ಟಿ ಬಂದಿತ್ತು. ಸ್ಪಷ್ಟ ಚಿತ್ರ ಸಿಗದ ಕಣ್ಣಿಗೆ ಬೆಳವಣಿಗೆ ನಿಲ್ಲಿಸುವ ಸೂಚನೆ ಸಿಗಲಿಲ್ಲ. ಮುಂದೆ 1980ರ ದಶಕದಲ್ಲಿ ಕೋಳಿಮರಿಗಳಿಗೆ ಪುಟ್ಟ ಮಸೂರ ತೊಡಿಸಿ ನೋಡಿದರು. ಚಿತ್ರವನ್ನು ರೆಟಿನಾದ ಹಿಂದಕ್ಕೆ ತಳ್ಳುವ ಮೈನಸ್ ಮಸೂರ ಹಾಕಿದರೆ, ಅದನ್ನು ಹಿಡಿಯಲು ಕಣ್ಣು ಹಿಂದಕ್ಕೆ ಉದ್ದವಾಯಿತು. ಪ್ಲಸ್ ಮಸೂರ ಹಾಕಿದರೆ ಬೆಳವಣಿಗೆ ನಿಧಾನವಾಯಿತು. ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು ಕತ್ತರಿಸಿದರೂ ಬೆಳವಣಿಗೆಯ ಈ ಬದಲಾವಣೆ ಬಹುಮಟ್ಟಿಗೆ ನಡೆಯಿತು. ಕಣ್ಣಿನ ಅರ್ಧ ಭಾಗಕ್ಕೆ ಮಾತ್ರ ಮಸುಕು ಮಾಡಿದರೆ ಆ ಅರ್ಧ ಮಾತ್ರ ಉಬ್ಬಿತು. ಅಂದರೆ ನಿರ್ಧಾರ ಆಗುತ್ತಿರುವುದು ಮಿದುಳಿನಲ್ಲಲ್ಲ, ರೆಟಿನಾದಲ್ಲಿ. ಅಲ್ಲಿಂದ ಹೊರಡುವ ರಾಸಾಯನಿಕ ಸೂಚನೆಗಳು ಕಣ್ಣಿನ ಹೊರಗಿನ ಬಿಳಿ ಗೋಡೆಯನ್ನು ತಲುಪಿ, ಅದು ಎಷ್ಟು ಹಿಗ್ಗಬೇಕು ಎಂದು ಹೇಳುತ್ತವೆ.

ಜೀನ್ ಮತ್ತು ಪರಿಸರ ಎರಡೂ ಕೈ ಹಾಕುವುದು ಇದೇ ವ್ಯವಸ್ಥೆಗೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಅಪ್ಪ-ಅಮ್ಮನ ಪಾಲು

ಮೊದಲು ‘ನಿಮ್ಮ ಕಡೆಯಿಂದ ಬಂತು’ ಎಂಬ ವಾದ. ಇದಕ್ಕೆ ಗಟ್ಟಿ ಸಾಕ್ಷಿ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಒರಿಂಡಾ ಎಂಬಲ್ಲಿ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಅಪ್ಪ-ಅಮ್ಮ ಇಬ್ಬರಿಗೂ ಸಮೀಪದೃಷ್ಟಿ ಇದ್ದ ಮಕ್ಕಳಲ್ಲಿ ಶೇಕಡ 33 ಮಂದಿಗೆ ಅದು ಬಂದಿತ್ತು. ಒಬ್ಬರಿಗೆ ಮಾತ್ರ ಇದ್ದರೆ ಶೇಕಡ 18. ಇಬ್ಬರಿಗೂ ಇಲ್ಲದಿದ್ದರೆ ಶೇಕಡ 6ರಷ್ಟು.

ಆದರೆ ಅಪ್ಪ-ಅಮ್ಮ ಮಕ್ಕಳಿಗೆ ಕೊಡುವುದು ಜೀನ್ ಒಂದನ್ನೇ ಅಲ್ಲ. ಮನೆಯಲ್ಲಿರುವ ಪುಸ್ತಕ, ಓದಿನ ಒತ್ತಾಯ, ರಜೆಯ ದಿನ ಏನು ಮಾಡಬೇಕು ಎಂಬ ಅಭ್ಯಾಸ, ಎಲ್ಲವನ್ನೂ ಕೊಡುತ್ತಾರೆ. ಇವನ್ನು ಬೇರೆ ಮಾಡಲು ಸಂಶೋಧಕರು ಅವಳಿಗಳನ್ನು ನೋಡುತ್ತಾರೆ. ತದ್ರೂಪಿ ಅವಳಿಗಳಲ್ಲಿ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಬೇರೆ ಅವಳಿಗಳಲ್ಲಿ ಸರಾಸರಿ ಅರ್ಧದಷ್ಟು ಹೋಲಿಕೆ. ಎರಡೂ ಬಗೆಯ ಜೋಡಿಗಳು ಬೆಳೆಯುವುದು ಒಂದೇ ಮನೆಯಲ್ಲಿ. ತದ್ರೂಪಿಗಳ ಪವರ್ ಉಳಿದ ಅವಳಿಗಳಿಗಿಂತ ಎಷ್ಟು ಜಾಸ್ತಿ ಹೊಂದುತ್ತದೆ ಎಂದು ನೋಡಿದರೆ ಜೀನ್‌ಗಳ ಪಾಲು ಸಿಗುತ್ತದೆ. ಬ್ರಿಟನ್ನಿನಲ್ಲಿ 500ಕ್ಕೂ ಹೆಚ್ಚು ಅವಳಿ ಜೋಡಿಗಳನ್ನು ಹೀಗೆ ಪರೀಕ್ಷಿಸಿ 2001ರಲ್ಲಿ ಕೊಟ್ಟ ಲೆಕ್ಕ ಶೇಕಡ 84ರಿಂದ 86.

ಇಷ್ಟು ದೊಡ್ಡ ಪಾಲು ಎಂದಮೇಲೆ ‘ಸಮೀಪದೃಷ್ಟಿಯ ಜೀನ್’ ಎಂಬುದೊಂದು ಸಿಗಬೇಕಿತ್ತಲ್ಲ? ಹಾಗೆ ಒಂದು ಜೀನ್ ಇಲ್ಲ. 2020ರಲ್ಲಿ ಸುಮಾರು 5 ಲಕ್ಷ 43 ಸಾವಿರ ಜನರ ಮಾಹಿತಿ ಜೋಡಿಸಿದ ಅಧ್ಯಯನದಲ್ಲಿ ಇದಕ್ಕೆ ಸಂಬಂಧಿಸಿದ 449 ಜಾಗಗಳು ಡಿಎನ್‌ಎಯಲ್ಲಿ ಕಂಡವು. ಒಂದೊಂದರ ಪರಿಣಾಮವೂ ಎಳ್ಳಷ್ಟು. ಎಲ್ಲವನ್ನೂ ಕೂಡಿಸಿದರೂ ಅನುವಂಶೀಯ ಭಾಗದ ಐದರಲ್ಲಿ ಒಂದು ಪಾಲೂ ಪೂರ್ತಿ ಆಗುವುದಿಲ್ಲ. ಇವುಗಳಲ್ಲಿ ಬಹಳಷ್ಟು ಜೀನ್‌ಗಳು ಕೆಲಸ ಮಾಡುವುದು ರೆಟಿನಾ ಬೆಳಕನ್ನು ಗ್ರಹಿಸಿ ಸೂಚನೆ ಕಳಿಸುವ ದಾರಿಯಲ್ಲಿ ಮತ್ತು ಕಣ್ಣಿನ ಗೋಡೆಯ ಕಟ್ಟಡದಲ್ಲಿ. ಕೋಳಿಮರಿಗಳು ತೋರಿಸಿಕೊಟ್ಟ ದಾರಿಯೇ ಅದು.

ಒಂದೇ ಜೀನ್‌ನ ದೋಷದಿಂದ ಬರುವ ಸಮೀಪದೃಷ್ಟಿಯೂ ಇದೆ, ಆದರೆ ಅಪರೂಪ. ಮಾರ್ಫಾನ್, ಸ್ಟಿಕ್ಲರ್ ಎಂಬ ಕಾಯಿಲೆಗಳಲ್ಲಿ ದೇಹದ ಅಂಗಾಂಶಗಳನ್ನು ಹಿಡಿದಿಡುವ ಎಳೆಗಳಲ್ಲೇ ದೋಷ ಇರುತ್ತದೆ, ಕೀಲು, ಹೃದಯ, ಕಿವಿಯ ತೊಂದರೆಗಳೂ ಜೊತೆಗೆ ಬರಬಹುದು. ಮಗು ಶಾಲೆಗೆ ಸೇರುವ ಮೊದಲೇ ದೊಡ್ಡ ಮೈನಸ್ ಪವರ್ ಕಂಡರೆ ವೈದ್ಯರು ಇವನ್ನೂ ಯೋಚಿಸುತ್ತಾರೆ.

ಶೇಕಡ 85 ಅಂದರೆ ನಿಜಕ್ಕೂ ಏನು?

ಬಹಳ ಜನ ಎಡವುವುದು ಇಲ್ಲೇ. ಶೇಕಡ 85 ಅನುವಂಶೀಯ ಎಂದರೆ ‘ನನ್ನ ಮಗುವಿನ ಪವರ್‌ನಲ್ಲಿ ಶೇಕಡ 85 ಜೀನ್‌ನಿಂದ, ಉಳಿದ 15 ಮಾತ್ರ ನಮ್ಮ ಕೈಯಲ್ಲಿ’ ಎಂದು ಅರ್ಥವಲ್ಲ. ಆ ಸಂಖ್ಯೆ ಒಬ್ಬರ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ಕಾಲದಲ್ಲಿ, ಒಂದೇ ರೀತಿ ಬದುಕುವ ಜನರ ನಡುವೆ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸಕ್ಕೆ ಜೀನ್‌ಗಳ ವ್ಯತ್ಯಾಸ ಎಷ್ಟು ಕಾರಣ ಎಂದು ಮಾತ್ರ ಅದು ಹೇಳುತ್ತದೆ. ಎಲ್ಲ ಮಕ್ಕಳೂ ಒಂದೇ ತರಹ ಗಂಟೆಗಟ್ಟಲೆ ಒಳಗೆ ಕೂತು ಓದಿದರೆ, ಅವರ ನಡುವಿನ ವ್ಯತ್ಯಾಸಕ್ಕೆ ಜೀನ್ ಬಿಟ್ಟು ಬೇರೆ ಕಾರಣವೇ ಉಳಿಯುವುದಿಲ್ಲ. ಆಗ ಅನುವಂಶೀಯತೆಯ ಅಂಕಿ ಏರುತ್ತದೆ. ಆದರೆ ಆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಮೈನಸ್ ಕಡೆಗೆ ತಳ್ಳಿದ್ದು ಒಳಗೆ ಕೂತದ್ದೇ ಆಗಿರಬಹುದು. ಅಂಕಿಗೆ ಅದು ಕಾಣುವುದೇ ಇಲ್ಲ.

ಮನುಷ್ಯರ ಎತ್ತರದಲ್ಲೂ ಹೀಗೇ ಆಗಿದೆ. ಎತ್ತರದ ಅನುವಂಶೀಯತೆ ಶೇಕಡ 80ರ ಸುತ್ತ. ಹಾಗಿದ್ದೂ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ನೂರು ವರ್ಷಗಳಲ್ಲಿ 20 ಸೆಂಟಿಮೀಟರ್ ಏರಿತು. ಅವರ ಜೀನ್ ಬದಲಾಗಲಿಲ್ಲ, ಆಹಾರ ಮತ್ತು ಆರೋಗ್ಯ ಬದಲಾಯಿತು.

ಕಣ್ಣಿನಲ್ಲಿ ಇದಕ್ಕೆ ಸರಿಸಾಟಿಯಾದ ಸಾಕ್ಷಿ ಅಲಾಸ್ಕಾದ ಉತ್ತರ ತುದಿಯಿಂದ ಬಂದಿದೆ. 1969ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಕುಟುಂಬಗಳನ್ನು ಪರೀಕ್ಷಿಸಿದಾಗ, ಹಳೆಯ ರೀತಿಯ ಬದುಕಿನಲ್ಲಿ ಬೆಳೆದಿದ್ದ 131 ಹಿರಿಯರಲ್ಲಿ ಇಬ್ಬರಿಗೆ ಮಾತ್ರ ಸಮೀಪದೃಷ್ಟಿ ಇತ್ತು. ಅವರ ಮಕ್ಕಳು, ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇತ್ತು. ಒಂದೆರಡು ತಲೆಮಾರಿನಲ್ಲಿ ಜೀನ್‌ಗಳು ಹೀಗೆ ಬದಲಾಗುವುದಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 19 ವರ್ಷದ ಯುವಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2012ರಲ್ಲಿ ಬಂತು. ಅದರಲ್ಲಿ ಸಮೀಪದೃಷ್ಟಿ ಇದ್ದವರು ಶೇಕಡ 96.5. ಅವರ ಅಜ್ಜಂದಿರ ಕಾಲದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ.

ರಾತ್ರಿ ದೀಪ ಕಲಿಸಿದ ಪಾಠ

ಹಾಗೆಂದು ಪರಿಸರದ ವಾದವನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. 1999ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ವರದಿ ಬಂತು. ಎರಡು ವರ್ಷ ತುಂಬುವ ಮೊದಲು ದೀಪ ಉರಿಯುವ ಕೋಣೆಯಲ್ಲಿ ಮಲಗಿದ್ದ ಮಕ್ಕಳಿಗೆ ಮುಂದೆ ಸಮೀಪದೃಷ್ಟಿ ಬಹಳ ಜಾಸ್ತಿ ಎಂದು ಅದು ಹೇಳಿತು. ಪತ್ರಿಕೆಗಳೆಲ್ಲ ಇದನ್ನು ಎತ್ತಿಕೊಂಡವು. ರಾತ್ರಿ ದೀಪ ಆರಿಸಿ ಎಂಬ ಸಲಹೆ ಮನೆಮನೆಗೆ ಹೋಯಿತು.

ಮರುವರ್ಷವೇ ಬೇರೆ ಎರಡು ತಂಡಗಳು ಪರೀಕ್ಷಿಸಿದಾಗ ಅಂಥ ಸಂಬಂಧ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು ಸಂಗತಿ. ಮಕ್ಕಳ ಕೋಣೆಯಲ್ಲಿ ದೀಪ ಉರಿಸಿಡುವ ಅಪ್ಪ-ಅಮ್ಮಂದಿರಲ್ಲಿ ಸಮೀಪದೃಷ್ಟಿ ಇರುವವರು ಜಾಸ್ತಿ. ಕಣ್ಣು ಸರಿಯಾಗಿ ಕಾಣದವರು ರಾತ್ರಿ ದೀಪ ಇಟ್ಟುಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ? ಮಕ್ಕಳಿಗೆ ಪವರ್ ಬಂದಿದ್ದು ದೀಪದಿಂದಲ್ಲ, ದೀಪ ಹಚ್ಚಿದವರಿಂದ ಇರಬೇಕು. ಇಂಥ ಗೊಂದಲ ಈ ಕ್ಷೇತ್ರದ ತುಂಬಾ ಇದೆ. ‘ಇದನ್ನು ಮಾಡುವ ಮಕ್ಕಳಿಗೆ ಪವರ್ ಜಾಸ್ತಿ’ ಎಂಬ ಯಾವ ಸುದ್ದಿ ಓದಿದರೂ ಈ ದೀಪವನ್ನು ನೆನೆಸಿಕೊಳ್ಳುವುದು ಒಳ್ಳೆಯದು.

ಓದಿನ ಪಾಲು

1867ರಲ್ಲಿ ಜರ್ಮನಿಯ ಹರ್ಮನ್ ಕೋನ್ ಎಂಬ ಕಣ್ಣಿನ ವೈದ್ಯ 10,060 ಶಾಲಾಮಕ್ಕಳ ಕಣ್ಣು ಪರೀಕ್ಷಿಸಿದ. ತರಗತಿ ಏರಿದಂತೆಲ್ಲ ಸಮೀಪದೃಷ್ಟಿ ಏರುತ್ತಿತ್ತು. ಹಳ್ಳಿ ಶಾಲೆಗಳಲ್ಲಿ ಕಡಿಮೆ, ಓದಿನ ಹೊರೆ ಹೆಚ್ಚಿದ್ದ ಶಾಲೆಗಳಲ್ಲಿ ಜಾಸ್ತಿ.

ಇದಕ್ಕಿಂತ ಚುರುಕಾದ ಸಾಕ್ಷಿ ಇಸ್ರೇಲಿನದು. ಅಲ್ಲಿನ ಆರ್ಥೊಡಾಕ್ಸ್ ಯಹೂದಿ ಸಮುದಾಯದಲ್ಲಿ ಹುಡುಗರು ಚಿಕ್ಕಂದಿನಿಂದಲೇ ಧರ್ಮಗ್ರಂಥಗಳನ್ನು ದಿನಕ್ಕೆ ಹಲವಾರು ಗಂಟೆ ಓದುತ್ತಾರೆ. ಹುಡುಗಿಯರ ಶಾಲೆ ಆ ಮಟ್ಟಿಗೆ ಹಗುರ. 1993ರ ಅಧ್ಯಯನದಲ್ಲಿ ಆ ಹುಡುಗರಲ್ಲಿ ಶೇಕಡ 80ರ ಆಸುಪಾಸು ಸಮೀಪದೃಷ್ಟಿ ಕಂಡಿತು. ಅದೇ ಸಮುದಾಯದ ಹುಡುಗಿಯರಲ್ಲಿ ಅದರ ಅರ್ಧವೂ ಇರಲಿಲ್ಲ. ಬೇರೆ ಶಾಲೆಗಳ ಮಕ್ಕಳಿಗೆ ಹತ್ತಿರದ ಅಂಕಿ ಅವರದು. ಒಂದೇ ಸಮುದಾಯ, ಒಂದೇ ಬಗೆಯ ಜೀನ್‌ಗಳು, ಬೇರೆ ದಿನಚರಿ.

ಆದರೂ ಒಂದು ಸಂಶಯ ಉಳಿದಿತ್ತು. ಓದಿದ್ದರಿಂದ ಕಣ್ಣು ಹೀಗಾಯಿತೋ, ಅಥವಾ ದೂರ ಕಾಣದ ಮಕ್ಕಳು ಆಟ ಬಿಟ್ಟು ಓದಿಗೆ ಅಂಟಿಕೊಂಡರೋ? 2018ರಲ್ಲಿ ಬ್ರಿಟನ್ನಿನ ಸುಮಾರು 68,000 ಜನರ ಮಾಹಿತಿ ಬಳಸಿ ಇದನ್ನು ಬಿಡಿಸಿದರು. ಉಪಾಯ ಜಾಣತನದ್ದು. ಹೆಚ್ಚು ವರ್ಷ ಓದುವ ಸಾಧ್ಯತೆಗೆ ಸಂಬಂಧಿಸಿದ ಕೆಲವು ಜೀನ್ ವ್ಯತ್ಯಾಸಗಳಿವೆ. ಅವು ಹುಟ್ಟುವಾಗಲೇ ಚೀಟಿ ಎತ್ತಿದಂತೆ ಹಂಚಿಹೋಗಿರುತ್ತವೆ. ಆಮೇಲೆ ಬರುವ ಮನೆ, ಹಣ, ಅಭ್ಯಾಸಗಳು ಅವನ್ನು ಬದಲಿಸಲಾರವು. ಅಂಥ ವ್ಯತ್ಯಾಸ ಇರುವವರಲ್ಲಿ ಮೈನಸ್ ಪವರ್ ಜಾಸ್ತಿಯೇ ಎಂದು ನೋಡಿದರು. ಜಾಸ್ತಿಯೇ ಇತ್ತು. ಓದಿನ ಪ್ರತಿ ಹೆಚ್ಚುವರಿ ವರ್ಷಕ್ಕೆ ಸುಮಾರು ಕಾಲು ಡಯಾಪ್ಟರ್. ತಿರುಗಿಸಿ ನೋಡಿದಾಗ, ಅಂದರೆ ಸಮೀಪದೃಷ್ಟಿಯ ಜೀನ್‌ಗಳು ಜನರನ್ನು ಹೆಚ್ಚು ಓದಿಸುತ್ತವೆಯೇ ಎಂದು ಕೇಳಿದಾಗ, ಅದಕ್ಕೆ ಸಾಕ್ಷಿ ಸಿಗಲಿಲ್ಲ.

ಬಯಲಿನ ಬೆಳಕು

ಓದು ಮತ್ತು ಕಣ್ಣಿನ ಕತೆಯಲ್ಲಿ ಹೊಸ ತಿರುವು ಬಂದಿದ್ದು 2008ರಲ್ಲಿ. ಸಿಂಗಪುರ ಮತ್ತು ಸಿಡ್ನಿಯಲ್ಲಿರುವ ಚೀನೀ ಮೂಲದ 6-7 ವರ್ಷದ ಮಕ್ಕಳನ್ನು ಹೋಲಿಸಿ ನೋಡಿದರು. ಸಿಂಗಪುರದಲ್ಲಿ ಶೇಕಡ 29 ಮಕ್ಕಳಿಗೆ ಸಮೀಪದೃಷ್ಟಿ. ಸಿಡ್ನಿಯಲ್ಲಿ ಶೇಕಡ 3. ಅಪ್ಪ-ಅಮ್ಮಂದಿರಲ್ಲಿ ಸಮೀಪದೃಷ್ಟಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವಾರಕ್ಕೆ ಹೆಚ್ಚು ಪುಸ್ತಕ ಓದುತ್ತಿದ್ದವರು ಸಿಡ್ನಿಯ ಮಕ್ಕಳೇ! ದೊಡ್ಡ ವ್ಯತ್ಯಾಸ ಇದ್ದದ್ದು ಬಯಲಲ್ಲಿ ಕಳೆದ ಹೊತ್ತಿನಲ್ಲಿ. ಸಿಡ್ನಿಯಲ್ಲಿ ವಾರಕ್ಕೆ ಸುಮಾರು 14 ಗಂಟೆ, ಸಿಂಗಪುರದಲ್ಲಿ 3.

ಹೊರಗೆ ಓಡಾಡಿದರೆ ವ್ಯಾಯಾಮ ಆಗುತ್ತದೆ, ಅದಕ್ಕೇ ಕಣ್ಣು ಚೆನ್ನಾಗಿರುತ್ತದೆ ಎಂದು ಅನ್ನಿಸಬಹುದು. ಅದಲ್ಲ. ಒಳಾಂಗಣದಲ್ಲಿ ಆಡುವ ಮಕ್ಕಳಿಗೆ ಈ ಲಾಭ ಕಾಣಲಿಲ್ಲ. ಹೊರಗೆ ಸುಮ್ನೆ ಕೂತಿದ್ದರೂ ಲಾಭ ಇತ್ತು. ಮುಖ್ಯ ಪಾತ್ರ ಬೆಳಕಿನದು ಎಂಬುದು ಈಗಿನ ತಿಳಿವಳಿಕೆ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಅಳೆಯುತ್ತಾರೆ. ನಮಗೆ ಬೆಳಕಾಗಿದೆ ಅನ್ನಿಸುವ ಕೋಣೆಯಲ್ಲಿ ಇರುವುದು 100ರಿಂದ 500 ಲಕ್ಸ್. ಹೊರಗೆ 10,000ದಿಂದ ನಡುಬಿಸಿಲಿನಲ್ಲಿ 1,00,000 ಲಕ್ಸ್. ಮರದ ನೆರಳಿನಲ್ಲೂ ಸಾವಿರಗಟ್ಟಲೆ. ನಮ್ಮ ಕಣ್ಣು ಎರಡಕ್ಕೂ ಬೇಗ ಒಗ್ಗಿಕೊಳ್ಳುವುದರಿಂದ ಈ ನೂರು ಪಟ್ಟು ವ್ಯತ್ಯಾಸ ನಮ್ಮ ಅರಿವಿಗೇ ಬರುವುದಿಲ್ಲ.

ಪ್ರಖರ ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚು ಬಿಡುಗಡೆಯಾಗುತ್ತದೆ. ಅದು ಕಣ್ಣಿನ ಉದ್ದ ಬೆಳವಣಿಗೆಗೆ ಲಗಾಮು ಹಾಕುತ್ತದೆ. ಕೋಳಿಮರಿಗಳಲ್ಲಿ ಡೋಪಮಿನ್ ಕೆಲಸ ಮಾಡದಂತೆ ತಡೆಯುವ ಔಷಧ ಕೊಟ್ಟರೆ ಬೆಳಕಿನ ರಕ್ಷಣೆಯೂ ಹೋಗಿಬಿಟ್ಟಿತು. ಬಯಲಿನಲ್ಲಿ ಕಣ್ಣಿನ ಸುತ್ತಮುತ್ತಲೂ ದೂರದ ದೃಶ್ಯವೇ ಇರುವುದು ಇನ್ನೊಂದು ಕಾರಣ ಇರಬಹುದು ಎನ್ನುವವರೂ ಇದ್ದಾರೆ. ಮಕ್ಕಳ ಪವರ್ ಚಳಿಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ನಿಧಾನವಾಗಿ ಏರುತ್ತದೆ ಎಂದು ಹಲವು ಕಡೆ ಕಂಡಿರುವುದು ಬೆಳಕಿನ ಈ ವಿವರಣೆಗೆ ಹೊಂದುತ್ತದೆ.

ಇದು ಇನ್ನೊಂದು ರಾತ್ರಿ ದೀಪ ಅಲ್ಲ ಎಂದು ಹೇಗೆ ನಂಬುವುದು? ಪ್ರಯೋಗ ಮಾಡಿ ನೋಡಿದ್ದಾರೆ. ಚೀನಾದ ಗುವಾಂಗ್‌ಝೌನಲ್ಲಿ 12 ಶಾಲೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿ ಅರ್ಧ ಶಾಲೆಗಳಲ್ಲಿ ಒಂದನೇ ತರಗತಿಯಿಂದ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟರು. ಮೂರು ವರ್ಷದ ನಂತರ ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳು ಆ ಶಾಲೆಗಳಲ್ಲಿ ಶೇಕಡ 30, ಉಳಿದವುಗಳಲ್ಲಿ ಶೇಕಡ 40ಕ್ಕೆ ಸ್ವಲ್ಪ ಕಡಿಮೆ. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ತೈವಾನ್ 2010ರಲ್ಲಿ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಶುರುಮಾಡಿತು. ಅಲ್ಲಿ ದೃಷ್ಟಿ ಕಡಿಮೆಯಾದ ಮಕ್ಕಳ ಪ್ರಮಾಣ 2011ರವರೆಗೆ ಏರುತ್ತಾ ಶೇಕಡ 50 ಮುಟ್ಟಿತ್ತು. 2015ಕ್ಕೆ ಅದು 46ಕ್ಕೆ ಇಳಿಯಿತು. ದೊಡ್ಡ ಇಳಿಕೆಯಲ್ಲ, ಆದರೆ ಹತ್ತು ವರ್ಷ ಏರುತ್ತಲೇ ಇದ್ದ ಗೆರೆ ತಿರುಗಿತು.

ಯಾರೂ ಬಯಸದ ಪ್ರಯೋಗವೊಂದು 2020ರಲ್ಲಿ ತಾನಾಗಿ ನಡೆಯಿತು. ಕೋವಿಡ್‌ನಿಂದ ಮನೆಯಲ್ಲೇ ಉಳಿದ ಮಕ್ಕಳನ್ನು ಚೀನಾದ ಫೆಯ್‌ಚೆಂಗ್‌ನಲ್ಲಿ ಪರೀಕ್ಷಿಸಿದಾಗ, 6 ವರ್ಷದವರಲ್ಲಿ ಶೇಕಡ 21.5 ಮಂದಿಗೆ ಸಮೀಪದೃಷ್ಟಿ ಕಂಡಿತು. ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಅದು ಶೇಕಡ 5.7 ದಾಟಿರಲಿಲ್ಲ.

ಹಾಗಾದ್ರೆ ಮೊಬೈಲ್?

ಹರ್ಮನ್ ಕೋನ್ ನೋಡಿದ ಮಕ್ಕಳ ಬಳಿ ಮೊಬೈಲ್ ಇರಲಿಲ್ಲ. ಪೂರ್ವ ಏಷ್ಯಾದಲ್ಲಿ ಕನ್ನಡಕದ ಅಲೆ ಎದ್ದಿದ್ದೂ ಸ್ಮಾರ್ಟ್‌ಫೋನ್ ಬರುವ ಮೊದಲೇ. ಹಾಗಾಗಿ ಮೊಬೈಲೇ ಮೂಲ ಎನ್ನುವಂತಿಲ್ಲ. ಆದರೆ ಅದಕ್ಕೆ ಪೂರ್ತಿ ಬಿಡುಗಡೆ ಪತ್ರವೂ ಇಲ್ಲ. 2025ರಲ್ಲಿ 45 ಅಧ್ಯಯನಗಳನ್ನು ಒಟ್ಟು ಮಾಡಿದ ವಿಶ್ಲೇಷಣೆಯಲ್ಲಿ, ದಿನಕ್ಕೆ ಒಂದು ಗಂಟೆ ಸ್ಕ್ರೀನ್ ಹೆಚ್ಚಾದರೆ ಸಮೀಪದೃಷ್ಟಿಯ ಸಂಭವ ಶೇಕಡ 21ರಷ್ಟು ಹೆಚ್ಚಿರುವುದು ಕಂಡಿತು. ಅದು ಸ್ಕ್ರೀನಿನ ತಪ್ಪೋ, ಹತ್ತಿರ ಹಿಡಿದದ್ದರ ತಪ್ಪೋ, ಹೊರಗೆ ಹೋಗದೆ ಇದ್ದದ್ದರ ತಪ್ಪೋ ಎಂದು ಇಂಥ ಲೆಕ್ಕದಿಂದ ಬೇರೆ ಮಾಡಲಾಗದು.

ದೂರ ಮತ್ತು ಬಿಡುವು ಮುಖ್ಯ ಎನ್ನಲು ಆಧಾರ ಇದೆ. ಸಿಡ್ನಿಯ 12 ವರ್ಷದ ಮಕ್ಕಳಲ್ಲಿ, 30 ಸೆಂಟಿಮೀಟರಿಗಿಂತ ಹತ್ತಿರ ಹಿಡಿದು ಓದುವವರಿಗೆ ಮತ್ತು 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡದೆ ಓದುವವರಿಗೆ ಸಮೀಪದೃಷ್ಟಿ ಜಾಸ್ತಿ ಇತ್ತು. ಒಟ್ಟು ಎಷ್ಟು ಗಂಟೆ ಓದಿದರು ಎಂಬುದಕ್ಕಿಂತ ಇವುಗಳ ಸಂಬಂಧ ಗಟ್ಟಿಯಾಗಿತ್ತು. ಮೊಬೈಲನ್ನು ಮಕ್ಕಳು ಪುಸ್ತಕಕ್ಕಿಂತ ಹತ್ತಿರ ಹಿಡಿಯುತ್ತಾರೆ, ಬಿಡುವುದೂ ಇಲ್ಲ. ಟಿವಿ ದೂರದಲ್ಲಿರುವುದರಿಂದ ಅಷ್ಟು ಚಿಂತೆಯಿಲ್ಲ. ನೀಲಿ ಬೆಳಕು ತಡೆಯುವ ಕನ್ನಡಕ ಇದಕ್ಕೆ ಪರಿಹಾರ ಎಂಬ ಮಾರಾಟದ ಮಾತಿಗೆ ಆಧಾರ ಇಲ್ಲ. ಕ್ಯಾರೆಟ್ ತಿಂದು ಕಣ್ಣು ಗಿಡ್ಡವಾಗುವುದೂ ಇಲ್ಲ.

ಎರಡೂ ಸೇರುವ ಜಾಗ

ಈಗ ಮೊದಲಿನ ಜಗಳಕ್ಕೆ ಬರೋಣ. 2007ರಲ್ಲಿ ಅಮೆರಿಕದ ಅದೇ ಒರಿಂಡಾ ಮಕ್ಕಳ ಮಾಹಿತಿಯನ್ನು ಇನ್ನೊಂದು ಕಡೆಯಿಂದ ನೋಡಿದರು. ಅಪ್ಪ-ಅಮ್ಮ ಇಬ್ಬರಿಗೂ ಸಮೀಪದೃಷ್ಟಿ ಇದ್ದು, ಹೊರಗೆ ಅತಿ ಕಡಿಮೆ ಹೊತ್ತು ಕಳೆಯುತ್ತಿದ್ದ ಮಕ್ಕಳಿಗೆ ಅದು ಬರುವ ಸಂಭವ ಶೇಕಡ 60ರ ಸುತ್ತ ಇತ್ತು. ಅಂಥದ್ದೇ ಅಪ್ಪ-ಅಮ್ಮಂದಿರ, ಆದರೆ ಹೊರಗೆ ಅತಿ ಹೆಚ್ಚು ಹೊತ್ತು ಇರುತ್ತಿದ್ದ ಮಕ್ಕಳಿಗೆ ಶೇಕಡ 20ರ ಸುತ್ತ.

ಜೀನ್ ಒಂದು ಪಾತ್ರೆ, ಪರಿಸರ ಇನ್ನೊಂದು ಪಾತ್ರೆ ಎಂದು ಇಟ್ಟು ಯಾವುದರಲ್ಲಿ ಎಷ್ಟು ಎಂದು ಕೇಳುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಂದ ಬೆಳಕು, ಹತ್ತಿರದ ಓದು ಎಂಬ ಸೂಚನೆ ಬಂದಾಗ ಈ ಕಣ್ಣು ಎಷ್ಟು ಜೋರಾಗಿ ಪ್ರತಿಕ್ರಿಯೆ ಕೊಡುತ್ತದೆ ಎಂಬುದನ್ನು ಜೀನ್ ತೀರ್ಮಾನಿಸುತ್ತದೆ. ಆ ಸೂಚನೆ ಬರುತ್ತದೋ ಇಲ್ಲವೋ, ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ದಿನಚರಿ ತೀರ್ಮಾನಿಸುತ್ತದೆ. ಒಂದೇ ಮನೆಯ, ಒಂದೇ ತರಹ ಓದುವ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಕನ್ನಡಕ ಬಂದು ಇನ್ನೊಬ್ಬರಿಗೆ ಬರದೇ ಇರುವುದು ಹೀಗೆ.

ಒಮ್ಮೆ ಶುರುವಾದ ಮೇಲೆ

ಉದ್ದವಾದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ. ಹೊರಗಿನ ಬೆಳಕು ಸಮೀಪದೃಷ್ಟಿ ಶುರುವಾಗದಂತೆ ತಡೆಯುವುದರಲ್ಲಿ ಬಲವಾಗಿದೆ. ಶುರುವಾದ ಮೇಲೆ ಅದರ ಏರಿಕೆ ನಿಲ್ಲಿಸುವ ಶಕ್ತಿ ಕಡಿಮೆ. ಚಿಕ್ಕ ವಯಸ್ಸಿನಲ್ಲಿ ಶುರುವಾದಷ್ಟೂ ಬೆಳೆಯಲು ವರ್ಷಗಳು ಜಾಸ್ತಿ ಉಳಿದಿರುತ್ತವೆ, ಕೊನೆಯ ಪವರ್ ದೊಡ್ಡದಾಗುತ್ತದೆ. ಪವರ್ ದೊಡ್ಡದಾದರೆ ಬರೀ ಕನ್ನಡಕದ ದಪ್ಪದ ಪ್ರಶ್ನೆಯಲ್ಲ. ಹಿಗ್ಗಿದ ಕಣ್ಣಿನಲ್ಲಿ ರೆಟಿನಾ ತೆಳುವಾಗುತ್ತದೆ. ನಡುವಯಸ್ಸಿನ ನಂತರ ರೆಟಿನಾ ಕಳಚಿಕೊಳ್ಳುವುದು, ಅದರ ನಡುಭಾಗ ಸವೆಯುವುದು, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮ, ಬೇಗ ಬರುವ ಪೊರೆ, ಇವುಗಳ ಸಂಭವ ಏರುತ್ತದೆ. ಒಂದೇ ಒಂದು ಡಯಾಪ್ಟರ್ ತಡೆದರೂ ರೆಟಿನಾದ ನಡುಭಾಗ ಹಾಳಾಗುವ ಸಂಭವ ಶೇಕಡ 40ರಷ್ಟು ಇಳಿಯುತ್ತದೆ ಎಂದು 2019ರ ಲೆಕ್ಕವೊಂದು ಹೇಳುತ್ತದೆ.

ಕನ್ನಡಕ ಹಾಕಿದರೆ ಪವರ್ ಏರುತ್ತದೆ, ಸ್ವಲ್ಪ ಕಡಿಮೆ ಪವರಿನದು ಹಾಕಿಸಿ ಎನ್ನುವ ಸಲಹೆ ಇನ್ನೂ ಓಡಾಡುತ್ತಿದೆ. ಮಲೇಷ್ಯಾದಲ್ಲಿ ಇದನ್ನು ಪರೀಕ್ಷಿಸಿ 2002ರಲ್ಲಿ ವರದಿ ಕೊಟ್ಟರು. ಕಡಿಮೆ ಪವರಿನ ಕನ್ನಡಕ ಹಾಕಿದ ಮಕ್ಕಳಲ್ಲಿ ಪವರ್ ಇನ್ನೂ ಬೇಗ ಏರಿತ್ತು.

ಏರಿಕೆ ನಿಧಾನ ಮಾಡುವ ದಾರಿಗಳು ಈಗ ಕೆಲವು ಇವೆ. ಅಟ್ರೋಪಿನ್ ಎಂಬ ಹನಿಯನ್ನು ಬಹಳ ತೆಳುವಾಗಿ, ಶೇಕಡ 0.01ರಿಂದ 0.05ರಷ್ಟು, ರಾತ್ರಿ ಮಲಗುವಾಗ ಹಾಕುತ್ತಾರೆ. ಹಾಂಗ್‌ಕಾಂಗ್‌ನ ಪ್ರಯೋಗದಲ್ಲಿ 0.05 ಹೆಚ್ಚು ಕೆಲಸ ಮಾಡಿತು. ನಡುವೆ ಸರಿಯಾದ ಪವರ್ ಇಟ್ಟು ಸುತ್ತ ನೂರಾರು ಪುಟ್ಟ ಮಸೂರಗಳನ್ನು ಜೋಡಿಸಿದ ಕನ್ನಡಕಗಳಿವೆ. ಬದಿಯ ಚಿತ್ರವನ್ನು ರೆಟಿನಾದ ಮುಂದೆ ತಂದು, ‘ಇನ್ನು ಬೆಳೆಯಬೇಡ’ ಎಂಬ ಸೂಚನೆ ಕೊಡುವುದು ಅವುಗಳ ತಂತ್ರ. ಕೋಳಿಮರಿಗಳ ಪ್ಲಸ್ ಮಸೂರದ ಹಿಂದಿದ್ದದ್ದೂ ಇದೇ ಯೋಚನೆ. ಎರಡು ವರ್ಷದ ಪ್ರಯೋಗದಲ್ಲಿ ಏರಿಕೆಯನ್ನು ಸುಮಾರು ಅರ್ಧಕ್ಕೆ ತಂದವು. ವಿಶೇಷ ಕಾಂಟ್ಯಾಕ್ಟ್ ಲೆನ್ಸ್‌ಗಳೂ ಇವೆ. ಯಾವುದು ಯಾರಿಗೆ, ಎಷ್ಟು ಕಾಲ ಎಂಬುದನ್ನು ಕಣ್ಣಿನ ವೈದ್ಯರೇ ತೀರ್ಮಾನಿಸಬೇಕು. ಯಾವುದೂ ಇರುವ ಪವರನ್ನು ಅಳಿಸುವುದಿಲ್ಲ.

ಇನ್ನೂ ಕನ್ನಡಕ ಬರದ ಮಗು

ಮನೆಯಲ್ಲಿ ದೊಡ್ಡ ಮಗುವಿಗೆ ಕನ್ನಡಕ ಬಂದಾಗ ಚಿಕ್ಕದನ್ನೂ ಒಮ್ಮೆ ತೋರಿಸುವುದು ವಾಡಿಕೆ. ಪರೀಕ್ಷೆ ಮಾಡಿ ‘ಪವರ್ ಸೊನ್ನೆ ಇದೆ’ ಎಂದರೆ ಮನೆಯವರು ನಿರಾಳ. ಇಲ್ಲಿ ಒಂದು ಸೂಕ್ಷ್ಮ ಇದೆ. ಆರು ವರ್ಷದ ಮಗುವಿಗೆ ಸೊನ್ನೆ ಒಳ್ಳೆಯ ಅಂಕಿಯಲ್ಲ. ಆ ವಯಸ್ಸಿನಲ್ಲಿ ಸ್ವಲ್ಪ ಪ್ಲಸ್ ಉಳಿದಿರಬೇಕು, ಏಕೆಂದರೆ ಕಣ್ಣು ಇನ್ನೂ ಬೆಳೆಯುವುದಿದೆ. ಅಮೆರಿಕದ 4,500ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಒಂದನೇ ತರಗತಿಯ ಹೊತ್ತಿಗೆ ಪ್ಲಸ್ 0.75ಕ್ಕಿಂತ ಕೆಳಗಿದ್ದ ಮಕ್ಕಳಿಗೆ ಮುಂದೆ ಸಮೀಪದೃಷ್ಟಿ ಬರುವ ಸಂಭವ ಹೆಚ್ಚು ಎಂದು 2015ರಲ್ಲಿ ಕಂಡುಬಂತು. ಅಪ್ಪ-ಅಮ್ಮನಿಗೆ ಕನ್ನಡಕ ಇದೆಯೇ ಎಂಬುದಕ್ಕಿಂತಲೂ ಈ ಒಂದು ಅಂಕಿ ಮುಂದಿನದನ್ನು ಚೆನ್ನಾಗಿ ಹೇಳಿತು.

ಆದರೆ ಮಕ್ಕಳ ಕಣ್ಣು ಪರೀಕ್ಷೆಯ ಹೊತ್ತಿನಲ್ಲಿ ತಾನಾಗಿ ಬಿಗಿಯಾಗಿ ಅಂಕಿಯನ್ನು ತಪ್ಪು ತೋರಿಸಬಹುದು. ಅದಕ್ಕೇ ಪಾಪೆ ಹಿಗ್ಗಿಸುವ ಹನಿ ಹಾಕಿ, ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ನೋಡುತ್ತಾರೆ. ಹನಿ ಹಾಕಿ ನೋಡಿದ ಪವರ್ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಅದು ಸೊನ್ನೆಯ ಹತ್ತಿರ ಇದ್ದರೆ ಮುಂದಿನ ಪರೀಕ್ಷೆ ಯಾವಾಗ ಎಂದೂ ಅಲ್ಲೇ ಕೇಳಿ. ಆ ಮಗುವಿಗೆ ಹೊರಗಿನ ಬೆಳಕು ಇನ್ನೂ ಪೂರ್ತಿ ಉಪಯೋಗಕ್ಕೆ ಬರುವ ಹಂತ ಅದು.